ಏರಿ ಮೇಲೆ ನಿಂತು ಕಂಡ ರಾಕೆಟ್ಟು

ಕೊಬ್ಬರಿ ಉಜ್ಜುತ್ತ ಕೂತಿದ್ದೆ. ವರ್ಷವಿಡೀ ಅಟ್ಟದ ಮೇಲೆ ಒಣಗಿದ ತೆಂಗಿನಕಾಯಿಯನ್ನು ಇಳಿಸಿ, ಸಿಪ್ಪೆ ಸುಲಿದು, ಚಿಪ್ಪು ಒಡೆದರೆ ಕೊಬ್ಬರಿ ಇಡೀ ಉಂಡೆಯಾಗಿ ಈಚೆ ಬರುತ್ತದೆ. ಅದನ್ನು ಗೋಣಿತಾಟಿನ ಮೇಲೆ ಉಜ್ಜಿ, ಅಂಟಿಕೊಂಡ ಪುಡಿಯನ್ನೆಲ್ಲ ತೆಗೆದರೆ ತಿಪಟೂರಿನ ಮಾರುಕಟ್ಟೆಗೆ ಕಳಿಸುವಷ್ಟು ಲಕ್ಷಣ ಬರುತ್ತದೆ. ನಮ್ಮ ಮನೆಯಲ್ಲಿ ಇದು ಹೆಂಗಸರ ಕೆಲಸ. ಒಡೆಯುವುದೂ ನಾವೇ, ಉಜ್ಜುವುದೂ ನಾವೇ. ಗೂಡಿನಲ್ಲಿದ್ದ ರೇಡಿಯೋ ತನ್ನ ಪಾಡಿಗೆ ವಾರ್ತೆ ಓದುತ್ತಿತ್ತು. ಶ್ರೀಹರಿಕೋಟಾದಿಂದ ಬರುವ ವಾರ ರಾಕೆಟ್ ಹಾರಿಸುತ್ತಾರೆ ಅಂದದ್ದೇ ತಡ, ಒಳಗೆ ರಾಗಿಹಿಟ್ಟು ಜರಡಿ ಹಿಡಿಯುತ್ತಿದ್ದ ಮಗಳು ಜರಡಿ ಸಮೇತ ಓಡಿ ಬಂದಳು.

"ಅವ್ವ, ನಾವು ತಿರುಪತಿಗೆ ಹೋಗೋ ವಾರನೇ ಕಣವ್ವ! ಶ್ರೀಹರಿಕೋಟಾ ತಿರುಪತಿ ಪಕ್ಕದಲ್ಲೇ ಐತೆ. ಭೂಪಟದಲ್ಲಿ ಒಂದು ಬೆರಳು ಅಷ್ಟೆ."

ನನ್ನ ಎದುರಿಗೆ ಕೂತು ಚಿಪ್ಪು ಒಡೆಯುತ್ತಿದ್ದ ನಮ್ಮತ್ತೆ ಮಚ್ಚು ಕೆಳಗಿಡದೆ ಕೇಳಿದರು, "ನಿನ್ನ ಬೆರಳ ಮೇಲೆ ಬಸ್ಸು ಓಡಾಡ್ತದೇನೇ?"

ಆಗ ಎಂಬತ್ತರ ದಶಕ ಮುಗಿಯುತ್ತ ಬಂದಿತ್ತು. ನೊಣವಿನಕೆರೆಗೆ ಎರಡು ಮೈಲಿ ದೂರದ ಊರು ನಮ್ಮದು. ಮಗಳು ಆ ವರ್ಷ ಹತ್ತನೇ ಕ್ಲಾಸನ್ನು ಫಸ್ಟ್ ಕ್ಲಾಸಿನಲ್ಲಿ ಮುಗಿಸಿದ್ದಳು. ತಿಪಟೂರಿನ ಕಾಲೇಜಿಗೆ ಸೇರಿ ಸೈನ್ಸ್ ಓದುತ್ತೇನೆ ಅಂತ ಅವಳ ಹಟ. ಅರ್ಜಿ ತಂದು ಎಲ್ಲವನ್ನೂ ಅವಳೇ ತುಂಬಿ, ತಂದೆಯ ಸಹಿಯ ಜಾಗ ಒಂದನ್ನು ಖಾಲಿ ಬಿಟ್ಟು, ದೇವರ ಮನೆಯಲ್ಲಿ ತಿಮ್ಮಪ್ಪನ ಪಟದ ಹಿಂದೆ ಸಿಕ್ಕಿಸಿದ್ದಳು. ಅತ್ತೆಗೆ ಅದು ಇಷ್ಟವಿರಲಿಲ್ಲ. ತುರುವೇಕೆರೆ ಕಡೆಯ ಒಂದು ಮನೆಯವರು ಹುಡುಗಿಯನ್ನು ಕೇಳಿ ಹೇಳಿ ಕಳಿಸಿದ್ದರು. ನಮ್ಮ ಯಜಮಾನರು ಅಮ್ಮನಿಗೂ ಇಲ್ಲ ಅನ್ನಲಾರರು, ಮಗಳಿಗೂ ಇಲ್ಲ ಅನ್ನಲಾರರು. "ತಿರುಪತಿಗೆ ಹೋಗ್ಬಂದ್ಮೇಲೆ ನೋಡಾನ" ಅಂತ ಅರ್ಜಿಯನ್ನು ಮುಟ್ಟದೆ ಓಡಾಡುತ್ತಿದ್ದರು.

ತಿರುಪತಿಯ ಹರಕೆ ನನ್ನದು. ಈ ಮಗಳಿಗೆ ಆರು ವರ್ಷವಿದ್ದಾಗ ವಿಷಮಶೀತ ಜ್ವರ ಬಂದು ಹಾಸಿಗೆ ಹಿಡಿದಿದ್ದಳು. ಆಗ ನನ್ನ ಪೂರ್ತಿ ಮುಡಿ ಕೊಡುತ್ತೇನೆ ಅಂತ ತಿಮ್ಮಪ್ಪನಿಗೆ ಹೇಳಿಕೊಂಡಿದ್ದೆ. ಮೂರು ಕತ್ತರಿ ಕೂದಲು ಕೊಟ್ಟರೆ ಹೆಂಗಸರಿಗೆ ಸಾಕು ಅಂತ ಎಲ್ಲರೂ ಅಂದರು. ಸಾಕೋ ಸಾಲದೋ, ನಾನು ಹೇಳಿಕೊಂಡದ್ದು ಪೂರ್ತಿ. ಹತ್ತು ವರ್ಷ ತಡವಾದರೂ ಹಿಂದೆ ಸರಿಯುವವಳಲ್ಲ ನಾನು.

ಆ ಸಂಜೆ ಊಟಕ್ಕೆ ಬಡಿಸುವಾಗ ಯಜಮಾನರಿಗೆ ಹೇಳಿದೆ, "ಬೆಟ್ಟದಿಂದ ಇಳಿದ್ಮೇಲೆ ಎರಡು ದಿನ ಆ ರಾಕೆಟ್ ನೋಡಕ್ಕೆ ಹೋಗಾನ ಕಣ್ರೀ."

"ಎರಡು ದಿನ ಜಾಸ್ತಿ ಆದ್ರೆ ಹಸ ಕರಿಯೋರು ಯಾರೇ?"

"ಪಕ್ಕದ ಮನೆಯವ್ಳಿಗೆ ಹೇಳಿದೀನಿ."

"ಕೇಳೋಕೆ ಮುಂಚೆನೇ ಹೇಳಿದೀಯಾ?"

"ಮುಡಿ ನಂದು. ಮುಡಿ ಕೊಟ್ಟ ಮೇಲೆ ಎರಡು ದಿನ ನಾನು ಹೇಳ್ದಂಗೆ ಆಗ್ಲಿ. ಈ ಮನೆಗೆ ಬಂದ ಮೇಲೆ ನಾನು ಏನು ಕೇಳಿದೀನಿ ಹೇಳಿ."

ಅವರು ಮುದ್ದೆ ಮುರಿಯುತ್ತ ಅಮ್ಮನ ಮುಖ ನೋಡಿದರು. ಅತ್ತೆ ಒಂದು ನಗೆ ನಕ್ಕರು. "ಹೋಗಾನ ಬುಡು. ಆ ರಾಕೇಟು ನೆಟ್ಟಗೆ ಹೋಗಿ ಮೇಲೆ ಸೇರ್ಕಂಡ್ರೆ ನನ್ನ ಮೊಮ್ಮಗ್ಳೂ ಕಾಲೇಜಿಗೆ ಹೋಗ್ಲಿ. ಸೇರ್ಲಿಲ್ಲ ಅಂದ್ರೆ ತುರುವೇಕೆರೆಯೋರಿಗೆ ಬನ್ನಿ ಅಂತ ಹೇಳಿ ಕಳಿಸು ಕಣ್ಲಾ ಮಗ. ಆಯ್ತಾ?"

"ಆಯ್ತು" ಅಂದೆ. ತಿಮ್ಮಪ್ಪನ ಮೇಲಿನ ಭರವಸೆಯಲ್ಲಿ ಯೋಚನೆಯೇ ಮಾಡದೆ ಅಂದುಬಿಟ್ಟೆ. ಮಗಳ ಬದುಕನ್ನು ಕಾಣದ ಒಂದು ಯಂತ್ರಕ್ಕೆ ಕಟ್ಟಿದೆ. ಅದು ನನ್ನದೇ ತಪ್ಪು. ಇವತ್ತಿಗೂ ಅದನ್ನು ಬೇರೆ ಯಾರ ತಲೆಗೂ ಕಟ್ಟುವುದಿಲ್ಲ.

ತಿರುಪತಿಯಲ್ಲಿ ಎಲ್ಲವೂ ಸಸೂತ್ರವಾಗಿ ಆಯಿತು. ಮುಡಿ ತೆಗೆಯುವವನ ಕೈ ಹಗುರವಾಗಿತ್ತು, ಒಂದು ಗೀರೂ ಬೀಳಲಿಲ್ಲ. ಸಾಲಿನಲ್ಲಿ ಅತ್ತೆಗೆ ಕೂರಲು ಕಟ್ಟೆ ಸಿಕ್ಕಿತು. ಗರ್ಭಗುಡಿಯ ಮುಂದೆ ತಳ್ಳುವವರು ನನ್ನನ್ನು ತಳ್ಳುವ ಹೊತ್ತಿಗೆ ಹಿಂದೆ ಯಾರೋ ಎಡವಿ, ಒಂದು ಉಸಿರಿನಷ್ಟು ಹೆಚ್ಚು ಹೊತ್ತು ದರ್ಶನವಾಯಿತು. ಇಂಥವನ್ನೆಲ್ಲ ನಾನು ನೆನಪಿಟ್ಟುಕೊಳ್ಳುತ್ತೇನೆ. ಕೊಟ್ಟವನು ಮರೆಯಬಹುದು, ಪಡೆದವಳು ಮರೆಯಬಾರದು.

ಮನೆಯ ತೋಟದಿಂದ ಒಯ್ದ ಕಾಯಿಗಳಲ್ಲಿ ಒಂದು ಉಳಿದಿತ್ತು. ಅದನ್ನು ಕೈಚೀಲದ ತಳಕ್ಕೆ ಹಾಕಿಕೊಂಡು, ಶ್ರೀಹರಿಕೋಟಾಕ್ಕೆ ಹತ್ತಿರದ ಊರಾದ ಸುಳ್ಳೂರುಪೇಟೆಯ ಬಸ್ಸು ಹತ್ತಿದೆವು. ಅಲ್ಲಿ ಇಳಿದಾಗ ಮಧ್ಯಾಹ್ನವಾಗಿತ್ತು. ರಾಕೆಟ್ ಹಾರುವುದು ಮಾರನೆಯ ದಿನ. ಊರಮ್ಮನ ಗುಡಿಯ ಹತ್ತಿರದ ಛತ್ರದಲ್ಲಿ ಜಾಗ ಸಿಕ್ಕಿತು. ಎದುರಿಗಿದ್ದ ಟೀ ಅಂಗಡಿಯವನು ಬೆಂಗಳೂರಿನಲ್ಲಿ ಕೆಲಸ ಮಾಡಿ ಬಂದಿದ್ದವನು, ಕನ್ನಡ ಆಡುತ್ತಿದ್ದ. ಎಲ್ಲಿಂದ ಚೆನ್ನಾಗಿ ಕಾಣುತ್ತದೆ ಅಂತ ಮಗಳು ಕೇಳಿದ್ದಕ್ಕೆ ನಾಲ್ಕು ಜಾಗ ಹೇಳಿದ. ರೈಲ್ವೆ ಸ್ಟೇಷನ್ನಿನ ಮೇಲುಸೇತುವೆ, ಸಿನಿಮಾ ಟಾಕೀಸಿನ ತಾರಸಿ, ಪೊಲೀಸರು ತಡೆಯುವವರೆಗಿನ ರಸ್ತೆ, ಇಲ್ಲವೆ ಊರಾಚೆಯ ತೆಂಗಿನ ತೋಪು.

ತೆಂಗಿನ ತೋಪು ಅಂದದ್ದು ಕಿವಿಗೆ ಬಿದ್ದದ್ದೇ ನಮ್ಮ ಯಜಮಾನರು ಎದ್ದು ನಿಂತರು. "ಅಲ್ಲಿಗೇ ಹೋಗಾನ. ನೆರಳೈತೆ, ಅಮ್ಮಂಗೂ ಅನುಕೂಲ."

ಹೋಗಿ ನೋಡಿದೆವು. ಒಳ್ಳೆಯ ತೋಪು. ಯಜಮಾನರು ಕೈ ಹಿಂದೆ ಕಟ್ಟಿಕೊಂಡು ಒಂದೊಂದೇ ಮರದ ಬುಡಕ್ಕೆ ಹೋಗಿ ತಲೆ ಎತ್ತಿ ನೋಡಿದರು. "ಇವ್ಕೆ ಗೊಬ್ಬರ ಕಂಡು ಎಷ್ಟು ವರ್ಷಾಯ್ತೋ. ಆದ್ರೂ ಗೊನೆ ನೋಡೇ, ಸಮುದ್ರದ ಗಾಳಿ." ಅತ್ತೆ ಆಗಲೇ ಒಂದು ಬುಡಕ್ಕೆ ಒರಗಿ ಕಾಲು ಚಾಚಿದ್ದರು. ಮುನ್ನೂರು ಮೈಲಿ ದಾಟಿ ಬಂದು ಇಬ್ಬರೂ ಮತ್ತೆ ನಮ್ಮ ಹಿತ್ತಿಲಿಗೇ ಸೇರಿಕೊಂಡಂತೆ ಕಂಡರು.

ನಾನು ತಲೆ ಎತ್ತಿದೆ. ಗರಿ, ಗರಿಯ ಮೇಲೆ ಗರಿ. ಆಕಾಶ ಅಲ್ಲೊಂದು ಚೂರು ಇಲ್ಲೊಂದು ಚೂರು.

"ಇಲ್ಲಿಂದ ಏನೂ ಕಾಣಲ್ಲ ಕಣ್ರೀ."

"ಅಷ್ಟು ದೊಡ್ಡ ರಾಕೆಟ್ಟು ಕಾಣ್ದೆ ಇರ್ತದಾ?"

"ಚೌತಿ ಚಂದ್ರನೇ ನಮ್ಮ ತೋಟದಿಂದ ಕಾಣಲ್ಲ."

ಅವರು ಮುಂದಿನ ಮರದ ಬುಡಕ್ಕೆ ಹೋದರು. ತೆಂಗಿನ ಸೀಮೆಯ ಜನಕ್ಕೆ ಕೂರುವುದೆಂದರೆ ಮರದ ಕೆಳಗೇ ಕೂರಬೇಕು. ಮೇಲೆ ನೋಡುವುದೆಂದರೆ ಗೊನೆ ನೋಡುವುದು. ಆಕಾಶ ನೋಡುವ ಕೆಲಸ ನಮಗೆ ವರ್ಷಕ್ಕೊಂದು ಎರಡು ಸಲ ಬಂದರೆ ಹೆಚ್ಚು. ಅದಕ್ಕೂ ಕೆರೆ ಏರಿಯನ್ನೇ ಹತ್ತಬೇಕು.

ಹಾಗೆಂದುಕೊಂಡಾಗಲೇ ನನಗೆ ಹೊಳೆದದ್ದು.

ಮಗಳನ್ನು ಕರೆದುಕೊಂಡು ಹೊರಟೆ. ಮೊದಲು ರೈಲ್ವೆ ಸೇತುವೆ ನೋಡಿದೆವು. ನಿಲ್ಲಬೇಡಿ ಅಂತ ಅಲ್ಲಿದ್ದವನು ಆಗಲೇ ಜನರನ್ನು ಇಳಿಸುತ್ತಿದ್ದ. ಟಾಕೀಸಿನ ತಾರಸಿಯ ಪೂರ್ವಕ್ಕೆ ಸರಿಯಾಗಿ ಸಿನಿಮಾದ ಹಲಗೆ, ಅದರ ಮೇಲೆ ಹುಲಿಯ ಜೊತೆ ಹೊಡೆದಾಡುತ್ತಿರುವ ಮೀಸೆಯ ನಾಯಕ. "ಇವ್ನ ಮೀಸೆ ಸಂದಿಂದ ನೋಡ್ಬೇಕಾಯ್ತದೆ" ಅಂದಳು ಮಗಳು. ರಸ್ತೆಯಲ್ಲಿ ಹೋದರೆ ನಾಳೆ ಪೊಲೀಸರು ಎಲ್ಲಿ ತಡೆಯುತ್ತಾರೋ ಯಾರಿಗೂ ಗೊತ್ತಿಲ್ಲ. ಕೊನೆಗೆ ತಲೆಯ ಮೇಲೆ ಬಟ್ಟೆಗಂಟು ಹೊತ್ತು ಬರುತ್ತಿದ್ದ ಹೆಂಗಸೊಬ್ಬಳನ್ನು ನಿಲ್ಲಿಸಿ ಕೇಳಿದೆ, "ಕೆರೆ ಎಲ್ಲೈತಮ್ಮ?"

"ಚೆರುವಾ?" ಅಂದಳು. ನನ್ನ ಬೋಳು ತಲೆ ನೋಡಿ, "ಗೋವಿಂದಾ ಗೋವಿಂದ" ಅಂತ ಕೈ ಮುಗಿದಳು. ಅವಳಿಗೆ ಕನ್ನಡ ಬಾರದು, ನನಗೆ ತೆಲುಗು ಬಾರದು. ಆದರೂ ಬಟ್ಟೆ ಒಗೆಯುವವಳಿಗೆ ಕೆರೆ ಯಾವುದೆಂದು ತಿಳಿಯದೆ ಇರುತ್ತದೆಯೇ? ಕೈ ಹಿಡಿದು ಕರೆದುಕೊಂಡು ಹೋಗಿ ತೋರಿಸಿದಳು. ಊರಿಗೆ ಪೂರ್ವದಲ್ಲಿ ಎತ್ತರದ ಏರಿ, ಒಂದೂ ಮರವಿಲ್ಲ. ಆಚೆಗೆ ಬಯಲು, ಬಯಲಿನ ಆಚೆ ಉಪ್ಪುನೀರು ಬಿಳಿ ಗೆರೆಯಂತೆ ಹೊಳೆಯುತ್ತಿತ್ತು. ಅವಳು ಆ ಗೆರೆಯ ಕಡೆ ಬೆರಳು ತೋರಿಸಿ, ಕೈಯನ್ನು ನೆಲದಿಂದ ಮೇಲಕ್ಕೆ ಸುಯ್ಯೆಂದು ಎತ್ತಿದಳು. ಅಷ್ಟು ಸಾಕಾಯಿತು. ಏರಿಯ ಮಧ್ಯೆ ಅರಿಸಿನ ಬಳಿದ ಒಂದು ಅಮ್ಮನ ಕಲ್ಲಿತ್ತು. ನಮ್ಮೂರ ಏರಿಯ ಮೇಲೂ ಒಬ್ಬಳು ಇದ್ದಾಳೆ. ಜಾಗ ಸಿಕ್ಕಿತು ಅಂತ ಅವಳಿಗೆ ಕೈ ಮುಗಿದೆ.

ಮಾರನೆಯ ದಿನ ಊಟ ಮುಗಿಸಿ ಹೊರಡುವಾಗ ಅತ್ತೆ ತೋಪಿನ ದಾರಿ ಹಿಡಿದರು. ಏರಿಗೆ ಬನ್ನಿ ಅಂತ ಎಷ್ಟು ಹೇಳಿದರೂ ಕೇಳಲಿಲ್ಲ. "ಬಿಸ್ಲಲ್ಲಿ ಸಾಯಕ್ಕೆ ನಾನು ಬತ್ತೀನಾ? ನೀನು ಬೇಕಾದ್ರೆ ಬೋಳುಮಂಡೆ ಕಾಯಿಸ್ಕೋ ಹೋಗು." ಯಜಮಾನರು ಒಂದು ಹೆಜ್ಜೆ ನನ್ನ ಕಡೆ, ಒಂದು ಹೆಜ್ಜೆ ಅಮ್ಮನ ಕಡೆ ಇಟ್ಟರು. "ಅಮ್ಮನ್ನ ಒಬ್ರನ್ನೇ ಬಿಟ್ಟು ಹೆಂಗೇ ಬರ್ಲಿ? ಇಲ್ಲೇ ಇದ್ದುಬುಡು. ಗೊತ್ತಿಲ್ದ ಊರಲ್ಲಿ ಇಬ್ರು ಹೆಂಗಸ್ರು…"

"ನಿನ್ನೆ ಹೋಗಿ ಬಂದಿದೀವಿ. ಇವತ್ತೂ ಬತ್ತೀವಿ" ಅಂದವಳೇ ಮಗಳ ಕೈ ಹಿಡಿದು ನಡೆದೆ. ಮದುವೆಯಾದ ಮೇಲೆ ಅವರ ಮಾತು ಅರ್ಧದಲ್ಲಿರುವಾಗ ನಾನು ತಿರುಗಿ ನಡೆದದ್ದು ಅದೇ ಮೊದಲು. ಬೆನ್ನು ಸುಡುತ್ತಿತ್ತು, ಬಿಸಿಲಿಗಲ್ಲ. ಆದರೂ ಹಿಂದಕ್ಕೆ ನೋಡಲಿಲ್ಲ.

ಏರಿಯ ಮೇಲೆ ಆಗಲೇ ನೂರಾರು ಜನ. ಮೋಡ ಬಂದು ಹೋಗಿ ಮಾಡುತ್ತಿತ್ತು. ನಿನ್ನೆಯ ಅಗಸಗಿತ್ತಿ ನಮ್ಮನ್ನು ಕಂಡು ಪಕ್ಕಕ್ಕೆ ಸರಿದು ಜಾಗ ಮಾಡಿಕೊಟ್ಟಳು. ಯಾರದೋ ಟ್ರಾನ್ಸಿಸ್ಟರು ತೆಲುಗಿನಲ್ಲಿ ಮಾತಾಡುತ್ತಿತ್ತು. ಮಗಳ ತುಟಿ ಒಣಗಿತ್ತು. "ಅವ್ವ, ಅದು ಹೋಗ್ಲಿಲ್ಲ ಅಂದ್ರೆ?" ಅಂದಳು. ಅವಳು ಕೇಳಿದ್ದು ರಾಕೆಟ್ಟಿನ ವಿಷಯ ಮಾತ್ರವಲ್ಲ ಅಂತ ನನಗೆ ಗೊತ್ತಿತ್ತು.

ಕೈಚೀಲಕ್ಕೆ ಕೈ ಹಾಕಿ ಕಾಯಿ ತೆಗೆದೆ.

ನಮ್ಮ ಮನೆಯಲ್ಲಿ ಹೆಂಗಸರು ದೇವರ ಮುಂದೆ ಕಾಯಿ ಒಡೆಯುವುದಿಲ್ಲ. ಗಂಡಸರಿಲ್ಲದಿದ್ದರೆ ಕಾಯಿಯನ್ನು ಇಡಿಯಾಗಿಯೇ ಇಟ್ಟು ಅವರು ಬರುವವರೆಗೆ ಕಾಯುತ್ತೇವೆ. ಕೊಬ್ಬರಿ ಕಾಲದಲ್ಲಿ ದಿನವಿಡೀ ಚಿಪ್ಪು ಒಡೆದು ಒಡೆದು ನನ್ನ ಬಲಗೈ ಹೆಬ್ಬೆರಳಿನ ಬುಡ ಗಂಟುಗಟ್ಟಿದೆ. ಅದೇ ಕೈ ದೇವರ ಮುಂದೆ ಒಂದು ಕಾಯಿ ಒಡೆದರೆ ಕೆಡುಕು. ಯಾಕೆ ಅಂತ ಅಲ್ಲಿಯವರೆಗೆ ನಾನೂ ಕೇಳಿರಲಿಲ್ಲ. ಏರಿಯ ಅಮ್ಮನ ಕಲ್ಲಿನ ಮುಂದೆ ನಿಂತಾಗ ಸುತ್ತ ಗಂಡಸರು ಬೇಕಾದಷ್ಟಿದ್ದರು. ಯಾರನ್ನಾದರೂ ಕೇಳಬಹುದಿತ್ತು. ಕೇಳಲಿಲ್ಲ. ಮಗಳು ನನ್ನವಳು, ಬೇಡಿಕೆ ನನ್ನದು, ಕಾಯಿ ನಾನು ಕೈಯಾರೆ ನೀರು ಹೊತ್ತು ಬೆಳೆಸಿದ ಮರದ್ದು. "ತಾಯಿ, ತಪ್ಪಿದ್ದರೆ ನನ್ನನ್ನು ಕೇಳು" ಅಂತ ಹೇಳಿ ಕಲ್ಲಿಗೆ ಒಂದೇ ಏಟು ಹಾಕಿದೆ. ಎರಡು ಸಮ ಹೋಳಾಯಿತು. ನೀರು ಸಿಹಿಯಾಗಿತ್ತು.

ಹೋಳನ್ನು ಚೀಲಕ್ಕೆ ಹಾಕುತ್ತಿದ್ದೆ, ಜನ ಹೋ ಅಂದರು.

ಆ ಬಿಳಿ ಗೆರೆಯ ಆಚೆ ಒಂದು ಕಿಡಿ. ಒಲೆಗೆ ಊದಿದಾಗ ಕೆಂಡ ಒಂದೇ ಸಲ ಬೆಳ್ಳಗಾಗುತ್ತದಲ್ಲ, ಹಾಗೆ. ಬುಡದಲ್ಲಿ ಹೊಗೆ ಉಬ್ಬಿತು. ಕಿಡಿ ಮೇಲೇಳಿತು. ಸದ್ದೇ ಇಲ್ಲ! ಅಷ್ಟು ದೊಡ್ಡ ಬೆಂಕಿ ಒಂದಿಷ್ಟೂ ಸದ್ದಿಲ್ಲದೆ, ಯಾರೋ ದಾರ ಹಿಡಿದು ಎಳೆದ ಹಾಗೆ, ಮೇಲೆ ಮೇಲೆ ಹೋಯಿತು. ಗಾಳಿಗೆ ನನ್ನ ಸೆರಗು ತಲೆಯಿಂದ ಜಾರಿತು. ಎಳೆದುಕೊಳ್ಳಲು ಎತ್ತಿದ ಕೈಯನ್ನು ಅಲ್ಲೇ ಬಿಟ್ಟೆ. ಬೋಳು ತಲೆಯೆತ್ತಿ ನೋಡುತ್ತ ನಿಂತೆ. ಕಿಡಿ ಮೋಡದ ಒಳಕ್ಕೆ ಹೋಯಿತು. ಮೋಡ ಒಳಗಿನಿಂದ ಒಂದು ಗಳಿಗೆ ಬೆಳಗಿತು. ಆಮೇಲೆ ಎಷ್ಟೋ ಹೊತ್ತಿಗೆ ಸದ್ದು ಬಂತು. ಅಟ್ಟದ ಮೇಲಿಂದ ಒಣಕಾಯಿಗಳನ್ನೆಲ್ಲ ಒಟ್ಟಿಗೆ ಉರುಳಿಸಿದಂಥ ಸದ್ದು, ಪಾದದಿಂದ ಹತ್ತಿ ಎದೆಗೆ ಬಂತು. ಮಗಳು ಅಳುತ್ತಿದ್ದಳು. ಅಗಸಗಿತ್ತಿ ನನ್ನ ಬೆನ್ನಿಗೆ ಗುದ್ದಿ ಗುದ್ದಿ ನಗುತ್ತಿದ್ದಳು. ಅದಕ್ಕೆ ಮುಂಚೆ ಅಷ್ಟು ದೊಡ್ಡದನ್ನು ನಾನು ಕಂಡದ್ದು ಗರ್ಭಗುಡಿಯಲ್ಲಿ ಮಾತ್ರ. ಹೀಗೆ ಹೇಳಿದರೆ ತಪ್ಪು ತಿಳಿಯುವವರು ತಿಳಿಯಲಿ.

ತೋಪಿಗೆ ಹೋದರೆ ಯಜಮಾನರು ಅದರ ಅಂಚಿನಲ್ಲಿ ಕತ್ತು ಚಾಚಿ ನಿಂತಿದ್ದರು. ಸದ್ದು ಕೇಳಿ ಓಡಿ ಬಂದರಂತೆ, ಬರುವ ಹೊತ್ತಿಗೆ ಗಾಳಿಗೆ ಸೊಟ್ಟಗಾದ ಹೊಗೆಯೊಂದೇ ಉಳಿದಿತ್ತಂತೆ. ಅತ್ತೆ ಕೂತಲ್ಲಿಂದ ಎದ್ದಿರಲಿಲ್ಲ. "ಗರಿ ಅದುರ್ತು. ಕಾಯಿ ಬಿದ್ದಾತು ಅಂತ ತಲೆ ಮುಚ್ಕಂಡೆ" ಅಂದರು. ನಾನು ಪ್ರಸಾದ ಅಂತ ಕಾಯಿ ಚೂರು ಕೊಟ್ಟೆ. ಬಾಯಿಗೆ ಹಾಕಿಕೊಂಡು ಅಗಿಯುತ್ತ ಕೇಳಿದರು, "ಯಾರ ಕೈಲಿ ಒಡಿಸ್ದೆ?"

"ನಾನೇ ಒಡೆದೆ."

ದವಡೆ ನಿಂತಿತು. ಉಗುಳಿದರೆ ದೇವರ ಪ್ರಸಾದ, ನುಂಗಿದರೆ ಸೊಸೆಯ ಉದ್ಧಟತನ. ಸ್ವಲ್ಪ ಹೊತ್ತು ಕೆನ್ನೆಯಲ್ಲೇ ಇಟ್ಟುಕೊಂಡಿದ್ದು ಕೊನೆಗೆ ನುಂಗಿದರು.

ಸುದ್ದಿ ಗೊತ್ತಾದದ್ದು ಕಿಬ್ಬನಹಳ್ಳಿ ಕ್ರಾಸಿನಲ್ಲಿ. ಬೆಂಗಳೂರಿನ ಬಸ್ಸಿಳಿದು ನಮ್ಮ ಕಡೆಯ ಬಸ್ಸಿಗೆ ಕಾಯುತ್ತಿದ್ದೆವು. ಕಾಯಿ ಲಾರಿಯವರು ಅಂಗಡಿಯ ಮುಂದೆ ಪೇಪರು ಹಿಡಿದು ಮಾತಾಡಿಕೊಳ್ಳುತ್ತಿದ್ದರು. ರಾಕೆಟ್ ಮೇಲಕ್ಕೆ ಹೋಗಿ ಒಂದು ನಿಮಿಷವೂ ಆಗಿರಲಿಲ್ಲವಂತೆ, ಮುರಿದು ಸಮುದ್ರಕ್ಕೆ ಬಿತ್ತಂತೆ. ಮಗಳು ಹೋಗಿ ಪೇಪರು ಕೇಳಿ ಪಡೆದು ಓದಿದಳು. ಓದಿ ಮಡಚಿ ವಾಪಸ್ಸು ಕೊಟ್ಟು ಬಂದು ನನ್ನ ಪಕ್ಕ ನಿಂತಳು.

ಅತ್ತೆ ಅಂದರು, "ಹೆಣ್ಣು ಕೈಲಿ ಕಾಯಿ ಒಡೆದ್ರೆ ಇನ್ನೇನಾಯ್ತದೆ."

ಊರು ಸೇರಿದ ಮೇಲೆ ಅದೇ ಮಾತು ಬೀದಿಬೀದಿ ಸುತ್ತಿತು. ನೀರಿಗೆ ಹೋದರೆ, "ಏನಕ್ಕ, ರಾಕೆಟ್ಟು ಕೆಡವಿ ಬಂದ್ಯಂತೆ" ಅನ್ನುವರು. ಏನೂ ನೋಡದ ಅತ್ತೆ, ಅದು ಗರಿ ಸಂದಿಯಿಂದ ಸಮುದ್ರಕ್ಕೆ ಬಿದ್ದದ್ದನ್ನು ಕಣ್ಣಾರೆ ಕಂಡೆ ಅಂತ ಜಗಲಿಯ ಮೇಲೆ ಕೂತು ವರ್ಣಿಸುತ್ತಿದ್ದರು. ಅರ್ಜಿ ಕೊಡಲು ಮೂರು ದಿನ ಉಳಿದಿತ್ತು. ಮಗಳು ದೇವರ ಮನೆಯ ಕಡೆಗೇ ಹೋಗುತ್ತಿರಲಿಲ್ಲ.

ನಾನು ಎರಡು ದಿನ ತಡೆದೆ. ಆಯ್ತು ಅಂತ ಒಪ್ಪಿದವಳು ನಾನೇ ಅಲ್ಲವೇ? ದೀಪ ಹಚ್ಚುವಾಗ ತಿಮ್ಮಪ್ಪನನ್ನು ನೆಟ್ಟಗೆ ಕೇಳಿದೆ, ನಾನು ಒಡೆದದ್ದು ತಪ್ಪೇ ಅಂತ. ಅವನು ಏನು ಹೇಳುತ್ತಾನೆ? ಅದೇ ಮಗುವನ್ನು ಜ್ವರದಿಂದ ಎಬ್ಬಿಸಿ ಕೊಟ್ಟವನು ಒಂದು ಕಾಯಿಗೆ ಮುನಿಯುತ್ತಾನೆ ಅಂತ ನಂಬಲು ನನಗೆ ಆಗಲಿಲ್ಲ. ಆಗಲೇ ಇಲ್ಲ.

ಮೂರನೆಯ ದಿನ ಬೆಳಿಗ್ಗೆ ಅಟ್ಟದ ಕೊನೆಯ ಕಾಯಿಗಳನ್ನು ಒಡೆಯುತ್ತಿದ್ದೆವು. ಅತ್ತೆ ಎದುರಿಗೆ, ಯಜಮಾನರು ಚೀಲ ಹೊಲಿಯುತ್ತ ಬಾಗಿಲಲ್ಲಿ. ನಾನು ಒಡೆದ ಒಂದು ಕಾಯಿಯಿಂದ ಗಬ್ಬು ಹೊಡೆಯಿತು. ಕೌಟು ಕೊಬ್ಬರಿ, ಒಳಗೆಲ್ಲ ಕಪ್ಪಗೆ ಕೊಳೆತಿತ್ತು. ಅತ್ತೆ ರೂಢಿಯಂತೆ ಅದನ್ನು ತೆಗೆದು ಎಣ್ಣೆಗೆ ಹಾಕುವ ಗುಡ್ಡೆಗೆ ಎಸೆದು ಮುಂದಿನ ಕಾಯಿ ಎತ್ತಿಕೊಂಡರು.

"ಅತ್ತೆಮ್ಮ, ವರ್ಷ ಪೂರ್ತಿ ಕಾದಿದ್ವಿ. ಕೌಟು ಬಂತಲ್ಲ. ಅಟ್ಟ ಕೀಳಿಸ್ಬುಡಾನ?"

"ಒಂದು ಕೌಟು ಬಂದ್ರೆ ಅಟ್ಟ ಕೀಳ್ತಾರೇನೇ? ತಲೆ ಜೊತೆ ಬುದ್ಧಿನೂ ಬೋಳಿಸ್ಕಂಡು ಬಂದ್ಯಾ?"

"ಒಂದು ರಾಕೆಟ್ಟು ಬಿದ್ರೆ ಮಗಳ ಓದು ಕೀಳ್ಬೋದಾ?"

ಅತ್ತೆ ಮಚ್ಚು ಎತ್ತಿದವರು ಹಾಗೇ ಹಿಡಿದರು. "ಕಾಯಿಗೂ ರಾಕೇಟ್ಗೂ ಏನೇ ಸಂಬಂಧ?"

"ನಂಗೂ ಗೊತ್ತಿಲ್ಲ. ನಾನು ಕಾಯಿ ಒಡೆದಿದ್ದಕ್ಕೆ ಅದು ಬಿತ್ತು ಅಂತ ಊರಿಗೆಲ್ಲ ಹೇಳಿದ್ದು ನೀವು."

ಬಾಗಿಲಲ್ಲಿ ಯಜಮಾನರು ನಕ್ಕುಬಿಟ್ಟರು. ಅಮ್ಮನ ಮುಂದೆ ಅವರು ಹಾಗೆ ನಕ್ಕದ್ದನ್ನು ನಾನು ಕಂಡಿರಲಿಲ್ಲ. ನಾನು ನಗಲಿಲ್ಲ. "ಆವತ್ತು ಆಯ್ತು ಅಂದಿದ್ದೆ, ಅದು ನನ್ನ ತಪ್ಪು. ಆ ಮಾತು ಇವತ್ತು ವಾಪಸ್ಸು ತಗಂಡೆ. ಬೇಕಾದ್ರೆ ಬೈರಿ. ಇವತ್ತು ಹನ್ನೊಂದರ ಬಸ್ಸಿಗೆ ಅವಳನ್ನ ಕರ್ಕಂಡು ತಿಪಟೂರಿಗೆ ಹೊರಟೆ" ಅಂದೆ. ಧ್ವನಿ ನಡುಗಲಿಲ್ಲ, ಅದೂ ತಿಮ್ಮಪ್ಪನ ಕರುಣೆಯೇ.

ಯಜಮಾನರು ಎದ್ದು ಕೈ ಒರೆಸಿಕೊಂಡು ದೇವರ ಮನೆಗೆ ಹೋದರು. ಪಟದ ಹಿಂದಿನಿಂದ ಅರ್ಜಿ ತೆಗೆದು ತಂದು, ಹೊಲಿದ ಚೀಲದ ಮೇಲೆ ಹರಡಿ, ಪೆನ್ನು ಎಲ್ಲಿ ಅಂತ ಮಗಳನ್ನು ಕೇಳಿದರು. ಸಹಿ ಸ್ವಲ್ಪ ಸೊಟ್ಟಗಾಯಿತು, ಕೆಳಗೆ ಉಂಡೆ ಕೊಬ್ಬರಿ ಇತ್ತಲ್ಲ. ಆ ಸೊಟ್ಟ ಸಹಿಯನ್ನು ಕಾಲೇಜಿನವರು ಒಪ್ಪಿಕೊಂಡರು.

ಸಂಜೆ ನಾವು ಬಸ್ಸಿಳಿದು ಬಂದಾಗ ಅತ್ತೆ ಜಗಲಿಯಲ್ಲೇ ಇದ್ದರು. ಸೇರಿಸಿಕೊಂಡರೋ ಇಲ್ಲವೋ ಅಂತ ಕೇಳಲಿಲ್ಲ. ಮೊಮ್ಮಗಳ ಮುಖ ನೋಡಿದರು, ಆಮೇಲೆ ನನ್ನ ಕಡೆ ತಿರುಗಿದರು.

"ಅಟ್ಟ ಖಾಲಿ ಬಿದ್ದೈತೆ. ಹೊಸ ಕಾಯಿ ಅಂಗಳದಲ್ಲೇ ಐತೆ. ಮಳೆ ಬಂದ್ರೆ ನಿಮ್ಮಪ್ಪ ಬತ್ತಾನಾ ಎತ್ತಿಡಕ್ಕೆ?"

ಸೆರಗು ಸೊಂಟಕ್ಕೆ ಸಿಕ್ಕಿಸಿ ಏಣಿ ಹತ್ತಿದೆ. ಕೆಳಗಿನಿಂದ ಮಗಳು ಒಂದೊಂದೇ ಕಾಯಿ ಎಸೆದಳು, ನಾನು ಹಿಡಿದು ಅಟ್ಟದ ಮೇಲೆ ಹರಡುತ್ತ ಹೋದೆ.